ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕ್ಲಾಸ್ ಇಡಬೇಡಿ: ಕುಲಪತಿಗಳಿಗೆ ಪೀಣ್ಯದಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನವರಿಗೆ ಮತ್ತು ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಪರ್ಚೇಸ್ ಹೆಡ್ ಅಂತ ಇದೆ. ವಯಸ್ಸು 47, ಸರ್ವಿಸ್ 22 ವರ್ಷ. ಮೂರು ವರ್ಷದಿಂದ ನಿಮ್ಮದೇ ಒಂದು ವಿಶ್ವವಿದ್ಯಾಲಯದಲ್ಲಿ ಮ್ಯಾನೇಜ್‌ಮೆಂಟ್ ವಿಷಯದಲ್ಲಿ ಅರೆಕಾಲಿಕ ಪಿಎಚ್‌ಡಿ ಮಾಡುತ್ತಿದ್ದೇನೆ. ಯಾವ ವಿಶ್ವವಿದ್ಯಾಲಯ ಅಂತ ಹೇಳುವುದಿಲ್ಲ. ನನ್ನ ಗೈಡ್ ಒಳ್ಳೆಯವರು, ಅವರಿಗೆ ತೊಂದರೆ ಆಗಬಾರದು. ಅದೂ ಅಲ್ಲದೆ ನಾನಿನ್ನೂ ಥೀಸಿಸ್ ಕೊಟ್ಟಿಲ್ಲ. ಕೆಲಸದಲ್ಲಿರುವವರಿಗೂ ಹೊಂದುವ ಹಾಗೆ ನಿಮ್ಮ ಪಿಎಚ್‌ಡಿ ನಡೆಸಿ ಅಂತ ಕೇಳಲು ಈ ಪತ್ರ.

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೆಸರಿನ ಹಿಂದೆ 'ಡಾ.' ಬೇಕು ಅನ್ನುವ ಆಸೆ ನನಗೂ ಇತ್ತು. ಮಗಳ ಮದುವೆ ಪತ್ರಿಕೆಯಲ್ಲಿ ಹಾಕಿಸಿದರೆ ಚೆನ್ನಾಗಿರುತ್ತದೆ ಅಂತ ಹೆಂಡತಿ ಕೂಡ ಹೇಳಿದ್ದಳು. ನಮ್ಮ ರಾಜ್ಯದಲ್ಲಿ ಆ ಒಂದಕ್ಷರಕ್ಕೆ ಎಷ್ಟು ಬೆಲೆ ಅಂತ ನಿಮಗೆ ಹೇಳಬೇಕಾಗಿಲ್ಲ. ಯಾವ ಸರ್ಕಲ್‌ನಲ್ಲಿ ನಿಂತು ನೋಡಿದರೂ ಫ್ಲೆಕ್ಸ್‌ನಲ್ಲಿ ಶಾಲು, ಹಾರ, 'ಗೌರವ ಡಾಕ್ಟರೇಟ್ ಪಡೆದ ನಮ್ಮ ನೆಚ್ಚಿನ ನಾಯಕರಿಗೆ' ಅನ್ನುವ ಅಭಿನಂದನೆ. ಕೊಟ್ಟ ವಿಶ್ವವಿದ್ಯಾಲಯದ ಹೆಸರು ಮಾತ್ರ ಯಾರೂ ಕೇಳಿರುವುದಿಲ್ಲ. ಹಾಗಾಗಿ ಆಸೆಯೇ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆಸೆ ಪಟ್ಟವನು ಯಾವ ಬಾಗಿಲು ತಟ್ಟಬೇಕು ಅನ್ನುವುದೇ ತೊಂದರೆ.

ನಾನು ಮೊದಲು ತಟ್ಟಿದ ಬಾಗಿಲು ಫೋನಿನಲ್ಲಿತ್ತು. ಒಂದು ಜಾಹೀರಾತು ಒತ್ತಿದೆ, ಅಷ್ಟೇ. ಹತ್ತು ನಿಮಿಷದಲ್ಲಿ ಕರೆ ಬಂತು. 'ಸಾರ್, ನಿಮ್ಮ ಪ್ರೊಫೈಲ್ ನೋಡಿದೆ. ಡಿಬಿಎಗೆ ನೀವು ಹೇಳಿ ಮಾಡಿಸಿದ ಹಾಗಿದ್ದೀರಿ.' ಡಿಬಿಎ ಅಂದರೆ ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ವಿದೇಶಿ ವಿಶ್ವವಿದ್ಯಾಲಯದ ಡಾಕ್ಟರೇಟಂತೆ. ಪೂರ್ತಿ ಆನ್‌ಲೈನಂತೆ, ಶನಿವಾರ ಭಾನುವಾರ ಮಾತ್ರವಂತೆ, ಕೆಲಸ ಬಿಡಬೇಕಾಗಿಲ್ಲವಂತೆ. ಹಣಕ್ಕೆ ಇಎಂಐ ಇದೆಯಂತೆ. ಆ ಹುಡುಗ ಇಪ್ಪತ್ತೈದು ನಿಮಿಷ ಮಾತಾಡಿದ. ನನ್ನ ಸಂಬಳ ಕೇಳಿದ, ಹುದ್ದೆ ಕೇಳಿದ, ಪ್ಯಾನ್ ನಂಬರ್ ಕೂಡ ಕೇಳಿದ. ನೀವು ಏನು ಸಂಶೋಧನೆ ಮಾಡಬೇಕು ಅಂತಿದ್ದೀರಿ ಅಂತ ಮಾತ್ರ ಕೇಳಲಿಲ್ಲ. ನಾನೇ ಹೇಳಲು ಹೋದೆ. 'ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಸಾರ್, ಮೊದಲು ಸೀಟ್ ಬ್ಲಾಕ್ ಮಾಡಿ' ಅಂದ.

ನಾನು ಖರೀದಿ ವಿಭಾಗದವನು. ಏನು ಬೇಕು ಅಂತ ಕೇಳದೆ ಕೋಟೇಶನ್ ಕೊಡುವವನನ್ನು ನಂಬುವುದಿಲ್ಲ. ಅಲ್ಲಿಗೆ ಬಿಟ್ಟೆ.

ಎಲ್ಲರೂ ಬಿಡಲಿಲ್ಲ. ಪಕ್ಕದ ರಸ್ತೆಯ ಕಾರ್ಖಾನೆಯೊಂದರಲ್ಲಿ ಪ್ಲಾಂಟ್ ಹೆಡ್ ಆಗಿದ್ದ ಗೆಳೆಯರೊಬ್ಬರು ಇಂಥದ್ದೇ ಒಂದಕ್ಕೆ ಸೇರಿದರು. ಸುಮ್ನೆ ಹಣ ಕೊಟ್ಟು ಕಾಗದ ತಂದರು ಅಂದುಕೊಳ್ಳಬೇಡಿ. ರಾತ್ರಿ ಒಂದು ಗಂಟೆಯವರೆಗೆ ಕೂತು ಓದಿದ್ದಾರೆ, ಬರೆದಿದ್ದಾರೆ. ರಿಟೈರ್ ಆದ ಮೇಲೆ ಯಾವುದಾದರೂ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವುದು ಅವರ ಲೆಕ್ಕ. ಕಾಲೇಜಿನವರು ಸರ್ಟಿಫಿಕೇಟ್ ನೋಡಿ, ಇದಕ್ಕೆ ಇಲ್ಲಿ ಮಾನ್ಯತೆ ಇಲ್ಲ ಸಾರ್ ಅಂದರು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಇದನ್ನು 2022ರ ಅಕ್ಟೋಬರ್‌ನಲ್ಲೇ ಹೇಳಿದ್ದವು: ಎಜುಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ. 2023ರ ಡಿಸೆಂಬರ್‌ನಲ್ಲಿ ಯುಜಿಸಿ ಮತ್ತೊಮ್ಮೆ ಎಚ್ಚರಿಸಿತು. ಆ ಸಲ ವಿದೇಶಿ ಸಂಸ್ಥೆಗಳ ಜೊತೆಗೂಡಿ ಮಾರುವ ಎಲ್ಲ ಬಗೆಯ ಡಿಗ್ರಿಗಳ ಬಗ್ಗೆ. ಆದರೆ ಯುಜಿಸಿ ನೋಟಿಸ್ ವೆಬ್‌ಸೈಟಿನ ಒಂದು ಮೂಲೆಯಲ್ಲಿರುತ್ತದೆ, ಜಾಹೀರಾತು ನಮ್ಮ ಕೈಯಲ್ಲಿರುವ ಫೋನಿನಲ್ಲಿರುತ್ತದೆ.

ಡಿಬಿಎ ಅನ್ನುವುದೇ ಮೋಸ ಅಂತ ನಾನು ಹೇಳುತ್ತಿಲ್ಲ. ಬ್ರಿಟನ್, ಅಮೆರಿಕದಲ್ಲಿ ಅದಕ್ಕೆ ಗಟ್ಟಿ ಹಿನ್ನೆಲೆ ಇದೆ. ಕೆಲಸದಲ್ಲಿರುವ ಹಿರಿಯ ಮ್ಯಾನೇಜರ್‌ಗಳಿಗಾಗಿಯೇ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ 1995ರಲ್ಲೇ ಡಾಕ್ಟರೇಟ್ ಶುರು ಮಾಡಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ದಶಕಗಳ ಕಾಲ ತನ್ನ ಡಾಕ್ಟರೇಟನ್ನು ಡಿಬಿಎ ಅಂತಲೇ ಕರೆಯುತ್ತಿತ್ತು, 2018ರಿಂದ ಪಿಎಚ್‌ಡಿ ಅಂತ ಹೆಸರು ಬದಲಾಯಿಸಿಕೊಂಡಿತು. ಹೆಸರು ಏನಾದರೂ ಇರಲಿ, ಒಳಗೆ ಕೆಲಸ ಏನು ನಡೆಯುತ್ತದೆ ಅನ್ನುವುದು ನನಗೆ ಮುಖ್ಯ. ಆ ಕೆಲಸ ಹೇಗಿರುತ್ತದೆ ಅಂತ ನನ್ನ ಕಥೆಯಿಂದಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ನನ್ನ ವಿಷಯ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಜಾಬ್ ವರ್ಕ್ ಶೆಡ್‌ಗಳಿಗೆ ಹಣ ಯಾಕೆ ತಡವಾಗಿ ಹೋಗುತ್ತದೆ ಅನ್ನುವುದು. ಕಾನೂನು ಸ್ಪಷ್ಟವಾಗಿದೆ. 2006ರ ಎಂಎಸ್ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಕರಾರು ಏನೇ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಸೆಕ್ಷನ್ ಕೂಡ ಸೇರಿಕೊಂಡಿತು. ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಸಮಯಕ್ಕೆ ಹಣ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಕಳೆಯುವ ಹಾಗಿಲ್ಲ. ಇಷ್ಟೆಲ್ಲ ಇದ್ದೂ ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಅದೇ ಗೋಳು.

ಮೊದಲ ವರ್ಷ ನಾನು ಸಂದರ್ಶನಕ್ಕೆ ಹೊರಟೆ. ನಮಗೆ ಶಾಫ್ಟ್ ಮಾಡಿಕೊಡುವ ಒಂದು ಶೆಡ್. ಎರಡು ಶಟರಿನ ಜಾಗ. ಒಂದು ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮಷೀನ್), ಎರಡು ಹಳೇ ಲೇತು, ಕೂಲೆಂಟ್ ವಾಸನೆ. ಮಾಲೀಕರು ಕಾಟನ್ ವೇಸ್ಟ್‌ನಿಂದ ಕುರ್ಚಿ ಒರೆಸಿ ಕೂರಿಸಿದರು, ಬೈಟು ಕಾಫಿ ತರಿಸಿದರು. 'ನಮ್ಮ ಪೇಮೆಂಟ್ ತಡ ಆದರೆ ನಿಮಗೆ ಏನು ತೊಂದರೆ ಆಗುತ್ತೆ?' ಅಂತ ಕೇಳಿದೆ. 'ಏನೂ ಇಲ್ಲ ಸಾರ್. ನಿಮ್ಮ ಕಂಪನಿಯಿಂದಲೇ ನಮ್ಮ ಮನೆ ನಡೀತಿದೆ' ಅಂದರು. ಅವರ ಟೇಬಲ್ಲಿನ ಗಾಜಿನ ಕೆಳಗೆ ಚಿನ್ನದ ಸಾಲದ ರಸೀದಿ ಕಾಣುತ್ತಿತ್ತು. ನಾನು ನೋಡಿದ್ದನ್ನು ನೋಡಿ ಅದರ ಮೇಲೆ ಡಿಸಿ (ಡೆಲಿವರಿ ಚಲನ್) ಪುಸ್ತಕ ಎಳೆದುಕೊಂಡರು.

ಇನ್ನೂ ಐದು ಶೆಡ್‌ಗಳಿಗೆ ಹೋದೆ. ಅದೇ ಉತ್ತರ. ಪ್ರಶ್ನಾವಳಿ ಇನ್ನೊಂದು ಕಥೆ. 'ಪೂರ್ತಿ ಒಪ್ಪುತ್ತೇನೆ' ಇಂದ 'ಒಪ್ಪುವುದೇ ಇಲ್ಲ' ವರೆಗೆ ಐದು ಮನೆ, ಯಾವುದಾದರೂ ಒಂದಕ್ಕೆ ಟಿಕ್ ಹಾಕಬೇಕು. ಒಬ್ಬರು ಎರಡು ಪ್ರಶ್ನೆ ಕೇಳಿಸಿಕೊಂಡು, 'ಸಾರ್, ಎಲ್ಲಾದಕ್ಕೂ ಮೂರು ಹಾಕ್ಕೊಂಡ್ಬಿಡಿ, ಗಾಡಿ ಲೋಡ್ ಆಗ್ತಾ ಇದೆ' ಅಂದರು.

ರೆಕಾರ್ಡಿಂಗ್ ತಗೊಂಡು ಗೈಡ್ ಹತ್ತಿರ ಹೋದೆ. ಅವರು ಎರಡು ಕೇಳಿ ನಕ್ಕರು. 'ಇದು ಡೇಟಾ ಅಲ್ಲ ಮಾರಾಯರೇ, ಇದು ನಿಮಗೆ ಹಾಕಿದ ನಮಸ್ಕಾರ. ಆರ್ಡರ್ ಕೊಡೋರೂ ನೀವೇ, ಪ್ರಶ್ನೆ ಕೇಳೋರೂ ನೀವೇ. ಅವರು ಇನ್ನೇನು ಹೇಳ್ತಾರೆ?'

22 ವರ್ಷ ಆ ಶೆಡ್‌ಗಳಿಗೆ ಹೋಗಿ ಬಂದಿದ್ದೇನೆ. ಯಾರೂ ನನಗೆ ಇದನ್ನು ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಆಮೇಲೆ ಗೈಡ್ ಸಂದರ್ಶನದ ರೀತಿಯನ್ನೇ ಬದಲಾಯಿಸಿದರು. ನನ್ನ ಕಂಪನಿಗೆ ಮಾಲು ಕೊಡದವರ ಹತ್ತಿರ ಮಾತ್ರ ಮಾತು, ಅದೂ ಇನ್ನೊಬ್ಬ ಸಂಶೋಧನಾರ್ಥಿಯ ಮೂಲಕ. ಆಗ ಜನ ಬಾಯಿ ಬಿಟ್ಟರು. ಒಬ್ಬರಂತೂ ಒಂದೂವರೆ ಗಂಟೆ ಬೈದಿದ್ದಾರೆ. ನನ್ನಂಥ ಪರ್ಚೇಸ್ ಹೆಡ್‌ಗಳ ಬಗ್ಗೆ ಅವರು ಬಳಸಿದ ಪದಗಳನ್ನು ಥೀಸಿಸ್‌ನಲ್ಲಿ ಹೇಗೆ ಹಾಕುವುದು ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಅವರೆಲ್ಲ ಒಂದು ಮಾತು ಮತ್ತೆ ಮತ್ತೆ ಹೇಳಿದ್ದರು: 'ಮಾಲು ಒಳಗೆ ಹೋಗುತ್ತೆ, ಜಿಆರ್‌ಎನ್ ಆಗಲ್ಲ.' ಇದು ಹೊರಗಿನವರಿಗೆ ಅರ್ಥ ಆಗುವುದು ಕಷ್ಟ, ನನಗೆ ತಕ್ಷಣ ಅರ್ಥ ಆಯಿತು. ಮಾಲು ಗೇಟಿನೊಳಗೆ ಬಂದ ದಿನ ಸೆಕ್ಯುರಿಟಿಯವರು ಉದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ಗಾಡಿ ನಂಬರ್, ಡಿಸಿ ನಂಬರ್, ಎಷ್ಟು ಪೆಟ್ಟಿಗೆ, ಎಷ್ಟು ಹೊತ್ತಿಗೆ. ಆಮೇಲೆ ಮಾಲು ಇನ್‌ಸ್ಪೆಕ್ಷನ್ ರ‍್ಯಾಕಿಗೆ ಹೋಗುತ್ತದೆ. ಪರೀಕ್ಷೆ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಜಿಆರ್‌ಎನ್ ಆಗುತ್ತದೆ, ಅಂದರೆ ಮಾಲು ಸಿಕ್ಕಿತು ಅಂತ ಕಂಪನಿ ಒಪ್ಪಿಕೊಳ್ಳುತ್ತದೆ. ಅಕೌಂಟ್ಸ್‌ನವರು 45 ದಿನ ಎಣಿಸುವುದು ಆ ದಿನದಿಂದ. ಕಾನೂನು ಹಾಗೆ ಹೇಳುವುದಿಲ್ಲ. 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ, ಮಾಲು ಬಂದ ದಿನವೇ ಒಪ್ಪಿಕೊಂಡ ಹಾಗೆ ಅನ್ನುತ್ತದೆ. ಆದರೆ ಒಂದು ಸಿಎನ್‌ಸಿ ಇಟ್ಟುಕೊಂಡವನು ಬಂದು ನಮ್ಮ ಜೊತೆ ಕಾನೂನು ಮಾತಾಡುತ್ತಾನೆಯೇ? ಮಾತಾಡಿದರೆ ಮುಂದಿನ ಆರ್ಡರ್ ಎಲ್ಲಿ?

ಎಂಡಿಯವರ ಅನುಮತಿ ತಗೊಂಡು ಹಳೆಯ ಗೇಟ್ ರಿಜಿಸ್ಟರ್‌ಗಳನ್ನು ಸ್ಟೋರಿನಿಂದ ಇಳಿಸಿದೆ. ಧೂಳು, ಜಿರಳೆ, ಒಂದಕ್ಕೆ ಚಹಾ ಚೆಲ್ಲಿತ್ತು. ಒಂದೊಂದು ಡಿಸಿ ನಂಬರನ್ನೂ ಕಂಪ್ಯೂಟರಿನ ಜಿಆರ್‌ಎನ್ ತಾರೀಕಿಗೆ ಹೊಂದಿಸುತ್ತಾ ಹೋದೆ. ಒಂದು ಲಾಟ್ ಶಾಫ್ಟ್ ಗೇಟ್ ದಾಟಿದ್ದು ತಿಂಗಳ 4ರಂದು, ಜಿಆರ್‌ಎನ್ ಆದದ್ದು 23ರಂದು. ನಡುವೆ 19 ದಿನ. ಏನು ಪರೀಕ್ಷೆ ಇತ್ತು ಅಂತ ಹಳೇ ಮೇಲ್ ತೆಗೆದು ನೋಡಿದೆ. ಪರೀಕ್ಷೆ ಏನೂ ಇರಲಿಲ್ಲ. 'ಈ ತಿಂಗಳು ಕ್ಯಾಶ್ ಟೈಟ್ ಇದೆ, ಹೋಲ್ಡ್ ಮಾಡಿ' ಅಂತ ಒಂದು ಸಾಲಿನ ಮೇಲ್ ಇತ್ತು. ಕಳಿಸಿದವನು ನಾನೇ.

ಆ ದಿನ ಊಟ ಸರಿಯಾಗಿ ಸೇರಲಿಲ್ಲ.

ಇಷ್ಟು ಸಿಕ್ಕಿದ ಮೇಲೆ ಕೆಲಸ ಮುಗೀತು ಅಂದುಕೊಂಡೆ. ಗೈಡ್ ಬಿಡಲಿಲ್ಲ. 'ಗೇಟ್ ರಿಜಿಸ್ಟರ್ ಬರೆಯೋರು ಯಾರು? ಯಾವಾಗ ಬರೀತಾರೆ?' ಅಂತ ಕೇಳಿದರು. ಇದೆಂಥ ಪ್ರಶ್ನೆ ಅನ್ನಿಸಿತು. ಹೋಗಿ ಸೆಕ್ಯುರಿಟಿಯವರನ್ನು ವಿಚಾರಿಸಿದೆ. ರಾತ್ರಿ ಪಾಳಿಯಲ್ಲಿ ಬಂದ ಗಾಡಿಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಬರೆಯುತ್ತಿದ್ದರಂತೆ. ಕೆಲವು ಸಲ ಶನಿವಾರ ರಾತ್ರಿಯದು ಸೋಮವಾರದ ಪುಟದಲ್ಲಿ. ನಾನು ನಂಬಿಕೊಂಡಿದ್ದ ತಾರೀಕೇ ಕೆಲವು ಕಡೆ ತಪ್ಪು! ಅಂಥ ಎಂಟ್ರಿಗಳನ್ನೆಲ್ಲ ಹುಡುಕಿ ಬೇರೆ ಮಾಡಿದೆ. ಎರಡು ತಿಂಗಳ ಕೆಲಸ ನೀರಿನಲ್ಲಿ ಹೋಮ. ಆದರೆ ಈಗ ಉಳಿದಿರುವ ಲೆಕ್ಕವನ್ನು ಯಾರು ಬೇಕಾದರೂ ಅಲ್ಲಾಡಿಸಿ ನೋಡಲಿ.

ಗೇಟ್ ರಿಜಿಸ್ಟರ್ ಅನ್ನುವುದು ಒಂದಿದೆ ಅಂತ ಗೊತ್ತಿದ್ದದ್ದು ನನಗೆ. ಅದನ್ನು ಅನುಮಾನದಿಂದ ನೋಡಬೇಕು ಅಂತ ಗೊತ್ತಿದ್ದದ್ದು ಅವರಿಗೆ. ಕೆಲಸ ಮಾಡುವವರ ಡಾಕ್ಟರೇಟ್ ಅಂದರೆ ನನ್ನ ಲೆಕ್ಕದಲ್ಲಿ ಈ ಎರಡೂ ಒಂದೇ ಮೇಜಿನ ಎದುರು ಕೂರುವುದು. ಫೋನಿನಲ್ಲಿ ಮಾರುವವರ ಹತ್ತಿರ ಎರಡನೆಯದು ಇಲ್ಲ. ನಿಮ್ಮ ಹತ್ತಿರ ಇದೆ. ಆದರೆ ನೀವು ಮೊದಲನೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹೇಗೆ ಅಂತ ಹೇಳುತ್ತೇನೆ. ಪಿಎಚ್‌ಡಿಗೆ ಕೋರ್ಸ್‌ವರ್ಕ್ ಇದೆ, ಕನಿಷ್ಠ 12 ಕ್ರೆಡಿಟ್. ಇರಬೇಕಾದ್ದೇ. ಆ ಕ್ಲಾಸ್‌ಗಳಿಂದ ನನಗೆ ಉಪಯೋಗ ಆಗಿದೆ, ಅದರಲ್ಲೂ ಸಂಶೋಧನೆಯ ನೈತಿಕತೆಯ ಪಾಠದಿಂದ. ಆದರೆ ನಮ್ಮಲ್ಲಿ ಕ್ಲಾಸ್ ಇದ್ದದ್ದು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ. ಅರೆಕಾಲಿಕ ಅಂತ ಪ್ರವೇಶ ಕೊಟ್ಟು ಪೂರ್ಣಕಾಲದವರ ಟೈಮ್‌ಟೇಬಲ್‌ನಲ್ಲಿ ಕೂರಿಸಿದರೆ ಹೇಗೆ? ಶನಿವಾರ ಇಡಿ ಅಂತ ಕೇಳಿದ್ದಕ್ಕೆ, ಶನಿವಾರ ಮಧ್ಯಾಹ್ನದ ಮೇಲೆ ಡಿಪಾರ್ಟ್‌ಮೆಂಟ್ ಬೀಗ ತೆಗೆಯುವವರು ಇರುವುದಿಲ್ಲ ಅನ್ನುವ ಉತ್ತರ ಬಂತು. ನನ್ನ ಜೊತೆ ಸೇರಿದ ಉದ್ಯೋಗಸ್ಥರಲ್ಲಿ ಇಬ್ಬರು ಅಲ್ಲೇ ಬಿಟ್ಟರು. ಒಬ್ಬರು ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್ ಮ್ಯಾನೇಜರ್. ಹೆಣ್ಣುಮಕ್ಕಳು ಹೊಲಿಗೆ ಲೈನ್ ಬಿಟ್ಟು ಹೋಗುವುದು ಯಾಕೆ ಅನ್ನುವುದು ಅವರ ವಿಷಯ. ಆ ಮೇಡಂ ಹತ್ತಿರ ಇದ್ದ ರಾಜೀನಾಮೆ ಪತ್ರಗಳ ಕಟ್ಟು ಯಾವ ಪ್ರೊಫೆಸರ್ ಹತ್ತಿರವೂ ಇರಲಿಕ್ಕಿಲ್ಲ.

ಆಮೇಲೆ ಎನ್ಒಸಿ. ಯುಜಿಸಿಯ 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್‌ಡಿಗೆ ಜಾಗ ಇದೆ. ಆದರೆ ಕೆಲಸ ಕೊಟ್ಟವರಿಂದ ಪತ್ರ ತರಬೇಕು: ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುತ್ತೇವೆ ಅಂತ. ಸರ್ಕಾರಿ ನೌಕರರಿಗೆ ಇದು ಸರಿ. ಖಾಸಗಿ ಕಂಪನಿಯಲ್ಲಿ 'ಇವನಿಗೆ ಸಾಕಷ್ಟು ಸಮಯ ಸಿಗುತ್ತದೆ' ಅಂತ ಬರೆದು ಸಹಿ ಹಾಕುವವರು ಯಾರು? ನಮ್ಮ ಎಚ್‌ಆರ್ ಆ ಸಾಲು ಓದಿ, 'ಹಾಗಾದ್ರೆ ನಿಮಗೆ ಕೆಲಸ ಕಮ್ಮಿ ಆಯ್ತು ಅಂತಾನಾ ಸಾರ್?' ಅಂತ ಕೇಳಿದ್ದರು. ತಮಾಷೆಗೆ ಕೇಳಿದ್ದಲ್ಲ. ಯುಜಿಸಿ ನಿಯಮ ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಶನಿವಾರ, ಭಾನುವಾರ ಕ್ಲಾಸ್ ಇಡುತ್ತೇವೆ ಅಂತ ನೀವು ಮೊದಲೇ ಬರೆದುಕೊಟ್ಟರೆ ನಮ್ಮ ಎಚ್‌ಆರ್‌ನವರ ಪೆನ್ನು ಅಷ್ಟು ನಡುಗುವುದಿಲ್ಲ.

ಗೈಡ್ ಸಿಗುವುದಂತೂ ದೇವರ ದಯೆ. ಒಬ್ಬ ಪ್ರೊಫೆಸರ್ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ಮಾತ್ರ ತಗೊಳ್ಳಬಹುದು. ಕಾಯಂ ಬೋಧಕರೇ ಗೈಡ್ ಆಗಬೇಕು. ನಿಮ್ಮ ಕಾಯಂ ಹುದ್ದೆಗಳು ಎಷ್ಟು ಖಾಲಿ ಇವೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ, ಗೈಡ್ ಆಗುವ ಹಾಗಿಲ್ಲ. ಹೀಗಿರುವಾಗ ಗೈಡ್ ಆಗುವವರು ಇರುವ ಸೀಟನ್ನು ದಿನವೂ ಕ್ಯಾಂಪಸ್‌ನಲ್ಲಿ ಸಿಗುವ ಹುಡುಗರಿಗೆ ಕೊಡುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಯಾರೂ ಮಾತಾಡದ ಇನ್ನೊಂದು ವಿಷಯ ಇದೆ, ಕಂಪನಿಯ ಗುಟ್ಟು. ಥೀಸಿಸ್ ಮುಗಿದ ಮೇಲೆ ಅದು ಶೋಧಗಂಗಾಕ್ಕೆ, ಅಂದರೆ ದೇಶದ ಥೀಸಿಸ್‌ಗಳನ್ನು ಇಡುವ ವೆಬ್‌ಸೈಟಿಗೆ ಹೋಗುತ್ತದೆ. ಯಾರು ಬೇಕಾದರೂ ಓದಬಹುದು. ಒಳ್ಳೆಯದೇ, ಕದ್ದು ಬರೆಯುವವರಿಗೆ ಅದೊಂದು ಭಯ. ಆದರೆ ನಮ್ಮ ಎಂಡಿ ಗೇಟ್ ರಿಜಿಸ್ಟರ್ ಕೊಡುವಾಗ ಒಂದೇ ಮಾತು ಕೇಳಿದರು: 'ಇದನ್ನ ನಮ್ಮ ಕಸ್ಟಮರ್ ಓದ್ತಾನಾ?' ಕಂಪನಿಯ ಹೆಸರು ತೆಗೆಯುತ್ತೇನೆ ಅಂದೆ. ಅವರು ನಕ್ಕು, 'ನಿನ್ನ ಹೆಸರು ಇರುತ್ತಲ್ಲಪ್ಪ' ಅಂದರು. ಸರಿಯಾದ ಮಾತು. ಕಂಪನಿಯೊಳಗೆ ಕೂತು ಕಂಪನಿಯ ಬಗ್ಗೆ ಬರೆಯುವವನ ಥೀಸಿಸ್ಸನ್ನು ಎಷ್ಟು ಕಾಲ ಮುಚ್ಚಿಡಬಹುದು, ಯಾವ ಭಾಗ ಮುಚ್ಚಿಡಬಹುದು, ಸಂದರ್ಶನ ಕೊಟ್ಟ ನೌಕರನಿಗೆ ಬಾಸ್‌ನಿಂದ ಏನು ರಕ್ಷಣೆ ಅಂತ ನಮ್ಮ ವಿಶ್ವವಿದ್ಯಾಲಯದಲ್ಲಿ ಒಂದು ಪುಟದ ನಿಯಮ ಇಲ್ಲ. ಪಿಎಚ್‌ಡಿ ಸೆಕ್ಷನ್ನಿನವರನ್ನು ಕೇಳಿದಾಗ 'ಗೈಡ್ ಹತ್ತಿರ ಮಾತಾಡಿ' ಅಂದರು. ಗೈಡ್ 'ಸೆಕ್ಷನ್ ಹತ್ತಿರ ಕೇಳಿ' ಅಂದರು.

ನಾನು ಕೇಳುವುದು ಹೊಸ ಡಿಗ್ರಿ ಅಲ್ಲ. ಡಿಬಿಎ ಅಂತ ಬೋರ್ಡ್ ಹಾಕಿ ಅಂತಲೂ ಅಲ್ಲ. ಯುಜಿಸಿ ಒಪ್ಪದ ಹೆಸರಿನ ಡಿಗ್ರಿ ಕೊಟ್ಟು ನಾಳೆ ನಮ್ಮನ್ನು ಬೀದಿಗೆ ತರಬೇಡಿ. ಪಿಎಚ್‌ಡಿ ಇದೆ, ಅರೆಕಾಲಿಕಕ್ಕೆ ಅನುಮತಿ ಇದೆ, ಗರಿಷ್ಠ 6 ವರ್ಷ ಇದೆ, ಅದರ ಮೇಲೆ 2 ವರ್ಷ ಮರುನೋಂದಣಿಯೂ ಇದೆ. ಇದನ್ನೇ ಕೆಲಸ ಮಾಡುವವರಿಗೆ ಹೊಂದುವ ಹಾಗೆ ನಡೆಸಿ. ಪಕ್ಕದಲ್ಲೇ ಉದಾಹರಣೆ ಇದೆ. ಹೊರಗಿನ ಸಂಸ್ಥೆಗಳಲ್ಲಿ ಕೆಲಸ ಮಾಡುವ ಎಂಜಿನಿಯರ್‌ಗಳು, ವಿಜ್ಞಾನಿಗಳು ಕೆಲಸ ಬಿಡದೆ ಪಿಎಚ್‌ಡಿ ಮಾಡಲು ಐಐಎಸ್‌ಸಿ ಎಷ್ಟೋ ವರ್ಷದಿಂದ ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್ ಅಂತ ನಡೆಸುತ್ತಿದೆ. ಅಲ್ಲಿ ಮಟ್ಟ ಇಳಿಯಿತು ಅಂತ ಯಾರೂ ಹೇಳಿದ್ದು ಕೇಳಿಲ್ಲ. ಲಖನೌ, ಇಂದೋರ್, ಕೋಳಿಕ್ಕೋಡ್‌ನ ಐಐಎಂಗಳು ಉದ್ಯೋಗಸ್ಥರಿಗಾಗಿಯೇ ಡಾಕ್ಟರೇಟ್ ಶುರು ಮಾಡಿದವು. ಆದರೆ ಅಲ್ಲಿಯ ಶುಲ್ಕ ಕಟ್ಟುವ ತಾಕತ್ತು ಹುಬ್ಬಳ್ಳಿಯ ಗೋಕುಲ ರಸ್ತೆಯ, ಶಿವಮೊಗ್ಗದ ಮಾಚೇನಹಳ್ಳಿಯ ಮ್ಯಾನೇಜರ್‌ಗಳಲ್ಲಿ ಎಷ್ಟು ಜನಕ್ಕಿದೆ?

ನೀವು ಮಾಡಬೇಕಾದದ್ದು ದೊಡ್ಡ ಖರ್ಚಿನದಲ್ಲ. ಶನಿವಾರ ಬೀಗ ತೆಗೆಯಲು ಒಬ್ಬರನ್ನು ನೇಮಿಸಿ. ಗುಟ್ಟಿನ ಬಗ್ಗೆ ಒಂದು ಪುಟದ ನಿಯಮ ಮಾಡಿ. 2022ರಲ್ಲಿ ಯುಜಿಸಿಯೇ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ಅಂತ ತಂದಿದೆಯಲ್ಲ, 15 ವರ್ಷ ಅನುಭವ ಇರುವವರನ್ನು ಪಿಎಚ್‌ಡಿ ಇಲ್ಲದಿದ್ದರೂ ತಗೊಳ್ಳಬಹುದು ಅಂತ. ಅಂಥ ಒಬ್ಬರನ್ನು, ನಮ್ಮ ಕೆಲಸ ಎಲ್ಲಿಗೆ ಬಂತು ಅಂತ ನೋಡುವ ಸಂಶೋಧನಾ ಸಲಹಾ ಸಮಿತಿಯ ಸಭೆಗೆ ಕೂರಿಸಿಕೊಳ್ಳಿ. ಜಿಆರ್‌ಎನ್ ಅಂದರೆ ಏನು ಅಂತ ನಾನು ಪ್ರತಿ ಸಲ ಮೊದಲಿಂದ ಹೇಳುವುದು ತಪ್ಪುತ್ತದೆ. ಮತ್ತೆ, ನನ್ನ ಸಂದರ್ಶನಗಳೆಲ್ಲ ಕನ್ನಡದಲ್ಲಿವೆ. 'ಹೋಲ್ಡ್ ಮಾಡ್ಬಿಟ್ರು ಸಾರ್, ಮುಖ ನೋಡಲ್ಲ, ಫೋನ್ ಎತ್ತಲ್ಲ' ಅನ್ನುವುದನ್ನು ಇಂಗ್ಲಿಷ್‌ಗೆ ತಿರುಗಿಸಿದರೆ 'ಪೇಮೆಂಟ್ ಡಿಲೇ' ಅಂತ ಎರಡೇ ಪದ ಉಳಿಯುತ್ತದೆ. ಕನ್ನಡದಲ್ಲೇ ಥೀಸಿಸ್ ಬರೆಯುತ್ತೇನೆ ಅಂದವನನ್ನು ಮ್ಯಾನೇಜ್‌ಮೆಂಟ್ ವಿಭಾಗದವರು ವಿಚಿತ್ರವಾಗಿ ನೋಡಬಾರದು, ಇಷ್ಟೇ.

ಮಟ್ಟ ಮಾತ್ರ ಇಳಿಸಬೇಡಿ. ಪ್ರವೇಶ ಪರೀಕ್ಷೆ ಇರಲಿ. ಕೃತಿಚೌರ್ಯದ ಪರೀಕ್ಷೆ ಇರಲಿ. ಶೇ 10ಕ್ಕಿಂತ ಜಾಸ್ತಿ ಹೋಲಿಕೆ ಬಂದರೆ ಸಾಫ್ಟ್‌ವೇರಿನ ಮುಂದೆ ನಿಂತು ನಾನೇ ಉತ್ತರ ಕೊಡುತ್ತೇನೆ. ನಿಮ್ಮ ಕ್ಯಾಂಪಸ್ ಗೋಡೆಗಳ ಮೇಲೆ 'ಥೀಸಿಸ್ ಬರೆದುಕೊಡಲಾಗುವುದು' ಅಂತ ಅಂಟಿಸಿರುವ ಚೀಟಿಗಳನ್ನು ಮೊದಲು ಕೀಳಿಸಿ. ಸಮಯ ಇಲ್ಲದ, ಹಣ ಇರುವ ನನ್ನಂಥವರಿಗೇ ಆ ಚೀಟಿಗಳು. ನಾನು ಒಂದು ಸಲ ಆ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದೆ. ಕರೆ ಮಾಡಲಿಲ್ಲ. ಆದರೆ ಸೇವ್ ಮಾಡಿಕೊಂಡಿದ್ದೆ.

ಕಂಪನಿಯಲ್ಲಿ ಏನಾಯಿತು ಅಂತ ನೀವು ಕೇಳಬಹುದು. ಈಗ ಗೇಟ್ ಎಂಟ್ರಿ ಆದ ತಾರೀಕೇ ಕಂಪ್ಯೂಟರಿನಲ್ಲಿ ಬರುತ್ತದೆ, ಎಣಿಕೆ ಅಲ್ಲಿಂದಲೇ ಶುರು. ಇದಕ್ಕೆ ಎಂಡಿಯವರನ್ನು ಒಪ್ಪಿಸಲು ನಾಲ್ಕು ತಿಂಗಳು ಬೇಕಾಯಿತು. ಫೈನಾನ್ಸ್ ಹೆಡ್ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಶಾಫ್ಟ್ ಶೆಡ್ಡಿನ ಮಾಲೀಕರು ಮೊನ್ನೆ ಸಿಕ್ಕಾಗ, 'ಏನ್ ಸಾರ್, ಪೇಮೆಂಟ್ ಬೇಗ ಬಂತು, ಕಂಪನಿ ಮುಚ್ತಿದ್ದೀರಾ?' ಅಂತ ಗಾಬರಿಯಿಂದ ಕೇಳಿದರು.

ಮುಂದಿನ ತಿಂಗಳು ನನ್ನ ಸಲಹಾ ಸಮಿತಿಯ ಸಭೆ ಇದೆ. ಮಂಗಳವಾರ, ಬೆಳಿಗ್ಗೆ 11ಕ್ಕೆ. ರಜೆ ಹಾಕಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಅರೆಕಾಲಿಕ ಸಂಶೋಧನಾರ್ಥಿ